ಮುಂದಿನಿಂದ ತೆಗೆದ ಫೋಟೋ

ಗುರುಬಾಯಿ ಬಿದ್ದದ್ದು ಆಷಾಢದ ಒಂದು ಸೋಮವಾರ ಬೆಳಿಗ್ಗೆ, ಇನ್ನೂ ಒಲೆ ಹೊತ್ತಿಸಿರಲಿಲ್ಲ. ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತು. ವಿಜಾಪುರದ ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಗಂಡನ ಮನೆಯವರದೊಂದು ಖಾನಾವಳಿ. ಮುಂದೆ ಊಟದ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಮನೆ ಮಂದಿ ಮಲಗುವ ಎರಡು ಕೋಣೆ. ಹಿತ್ತಲ ಬಾವಿಯಿಂದ ಅಡುಗೆಮನೆಗೆ ಹತ್ತಲು ಮೂರು ಕಲ್ಲಿನ ಮೆಟ್ಟಿಲು. ನಡುವಿನದು ಅಲುಗಾಡುತ್ತಿತ್ತು. ಅದನ್ನು ಸರಿಯಾಗಿ ಕೂರಿಸಬೇಕೆಂಬ ಮಾತು ಎರಡು ಮಳೆಗಾಲದಿಂದ ನಡೆದಿತ್ತು.

ಎಡ ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಹತ್ತುವಾಗ ಆ ಕಲ್ಲು ಹೊರಳಿತು. ಕೊಡ ಬಿಡಬಾರದೆಂದು ಗುರುಬಾಯಿ ಬಲಗೈಯನ್ನು ಮುಂದೆ ಊರಿದಳು. ಮೈಯ ಭಾರವೆಲ್ಲ ಆ ಕೈಮೇಲೆ ಬಂತು. ಭುಜದೊಳಗೆ ಏನೋ ಹಿಂದಕ್ಕೆ ಸರಿದದ್ದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಅತ್ತೆ ಕಾಶಿಬಾಯಿ ಸಪ್ಪಳ ಕೇಳಿ ಬಂದವಳು ಮೊದಲು ಕೊಡವನ್ನು ಎತ್ತಿ ತಿರುವಿ ನೋಡಿದಳು. ತಾಮ್ರದ ಕೊಡ, ಒಂದು ಕಡೆ ತಗ್ಗು ಬಿದ್ದಿತ್ತು. ಆಮೇಲೆ ಸೊಸೆಯನ್ನು ಎಬ್ಬಿಸಿದಳು. ಭುಜ ಹಿಂದಕ್ಕೆ ಸರಿಯಿತು ಎಂದು ಗುರುಬಾಯಿ ಆಗಲೇ ಹೇಳಿದಳು.

ಆ ದಿನದಿಂದ ಗುರುಬಾಯಿಯ ಬಲಗೈ ಹೊಟ್ಟೆಗೆ ಅಂಟಿಕೊಂಡ ಹಾಗೆ ನಿಂತುಬಿಟ್ಟಿತು. ಬೆರಳು ಆಡುತ್ತಿದ್ದವು, ಮೊಣಕೈ ಮಡಚುತ್ತಿತ್ತು. ಆದರೆ ಮುಂಗೈಯನ್ನು ಹೊರಗೆ ತಿರುಗಿಸಲು ಬರುತ್ತಿರಲಿಲ್ಲ, ಕೈ ಪಕ್ಕಕ್ಕೆ ಏಳುತ್ತಿರಲಿಲ್ಲ. ತಲೆ ಬಾಚಿಕೊಳ್ಳುವುದು ಸಾಧ್ಯವಿಲ್ಲ. ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿಯುತ್ತಿದ್ದ ಕೈ ಅದು. ಐದು ದಿನ ತಾನೇ ಎಡಗೈಯಿಂದ ಉಪ್ಪಿನ ಶಾಖ, ಅರಿಷಿಣದ ಪಟ್ಟು ಎಲ್ಲ ಮಾಡಿಕೊಂಡಳು. ಆ ಐದು ದಿನ ಮನೆಯವರು ಅವಳನ್ನು ಚೆನ್ನಾಗಿಯೇ ನೋಡಿಕೊಂಡರು ಎನ್ನಬೇಕು. ಕಾಶಿಬಾಯಿ ತಾನೇ ಒಲೆ ಮುಂದೆ ಕೂತಳು. ಮಾವ ಗೊಲ್ಲಾಳಪ್ಪ ಊಟದ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂತಲ್ಲಿಂದಲೇ ಎರಡು ಸಲ ಹೇಗಿದೆ ಎಂದು ಕೇಳಿದ. ಅವನು ಮಾತು ಕಡಿಮೆಯ ಮನುಷ್ಯ, ಅವನ ಮಟ್ಟಿಗೆ ಅದು ಹೆಚ್ಚೇ.

ಆರನೆಯ ದಿನ ಗಂಡ ಶಿವಯೋಗೆಪ್ಪ ಅವಳನ್ನು ಟಾಂಗಾದಲ್ಲಿ ಕೂರಿಸಿಕೊಂಡು ಒಬ್ಬ ಡಾಕ್ಟರ ಹತ್ತಿರ ಹೋದ. ಎಲುಬಿನ ಫೋಟೋ ತೆಗೆಯುವ ಯಂತ್ರವನ್ನು ಆ ಡಾಕ್ಟರು ಹೊಸದಾಗಿ ತರಿಸಿದ್ದರು. ಯಂತ್ರ ನೋಡಲೆಂದೇ ಜನ ಬರುತ್ತಿದ್ದ ಕಾಲ. ಗುರುಬಾಯಿಯನ್ನು ಒಂದು ಹಲಗೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಉಸಿರು ಹಿಡಿಯಲು ಹೇಳಿ, ಎದುರಿನಿಂದ ಒಂದು ಫೋಟೋ ತೆಗೆದರು. ಒಂದು ತಾಸು ಬಿಟ್ಟು ಡಾಕ್ಟರು ಹಸಿ ಫಿಲ್ಮನ್ನು ಕಿಟಕಿಗೆ ಹಿಡಿದರು. ಅವಳ ಭುಜವನ್ನು ಅವರು ಮುಟ್ಟಲಿಲ್ಲ. ಮಾತೆಲ್ಲ ಶಿವಯೋಗೆಪ್ಪನ ಜೊತೆಗೆ.

"ಎಲುಬು ಮುರಿದಿಲ್ಲ. ಕೀಲೂ ಜಾಗಾದಾಗ ಅದ," ಎಂದರು.

"ಕೈ ಹೊರಗ ತಿರಗವಲ್ದುರಿ," ಎಂದಳು ಗುರುಬಾಯಿ.

ಡಾಕ್ಟರು ಅವಳ ಕಡೆ ನೋಡದೆ ಶಿವಯೋಗೆಪ್ಪನಿಗೆ ಹೇಳಿದರು: "ಯಂತ್ರ ಸುಳ್ಳು ಹೇಳೂದಿಲ್ಲ. ಕೆಲಸ ಹಚ್ಚರಿ, ತಾನ ಆಡ್ತದ. ಹೆಣ್ಣಮಕ್ಕಳೊಳಗ ಹಿಂಗ ಇರ್ತದ."

ಫಿಲ್ಮನ್ನು ಒಂದು ಖಾಕಿ ಲಕೋಟೆಯಲ್ಲಿ ಹಾಕಿ ಕೊಟ್ಟರು. ಟಾಂಗಾದಲ್ಲಿ ಶಿವಯೋಗೆಪ್ಪ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಹೋಗುವಾಗ ಗಾಲಿ ಕುಲುಕಿದಾಗಲೆಲ್ಲ ಹೆಂಡತಿಯ ಬೆನ್ನಿಗೆ ಕೈ ಕೊಟ್ಟಿದ್ದವನು ಬರುವಾಗ ಕೊಡಲಿಲ್ಲ.

ಮರುದಿನದಿಂದ ಮನೆಯ ಧಾಟಿ ಬದಲಾಯಿತು. ಕಾಶಿಬಾಯಿ ಫಿಲ್ಮನ್ನು ಅಡುಗೆಮನೆಯ ಕಿಟಕಿಗೆ ಸಿಕ್ಕಿಸಿದಳು. ಹಿಟ್ಟು ಬೀಸಿಕೊಂಡು ಹೋಗಲು ಬಂದವರಿಗೆ, ಮಜ್ಜಿಗೆ ಕೇಳಲು ಬಂದವರಿಗೆ ಅದನ್ನು ತೋರಿಸುವಳು. ಇಗೋ ಎಲುಬು, ಇಗೋ ಕೀಲು, ಎಲ್ಲ ನೆಟ್ಟಗೈತಿ ಎನ್ನುವಳು. ಅಕ್ಷರ ಬಾರದ ಹೆಂಗಸು ಆ ಕರಿ ಹಾಳೆಯನ್ನು ಓದಿ ಹೇಳುತ್ತಿದ್ದಳು. ನೋಡಿದವರು ಹೌದೆನ್ನುತ್ತಿದ್ದರು. ಉಣ್ಣಲು ಬರುವ ಹತ್ತಿ ಜಿನ್ನಿಂಗಿನ ಆಳುಗಳು, ಕೋರ್ಟಿನ ಕಕ್ಷಿದಾರರು ರೊಟ್ಟಿ ದಪ್ಪಾಗಿದೆ, ಕರಕಲಾಗಿದೆ ಎಂದು ಗೊಣಗಿದರೆ ಶಿವಯೋಗೆಪ್ಪ ಬುಟ್ಟಿ ಹಿಡಿದುಕೊಂಡು ನಿಂತಲ್ಲೇ ಹೇಳುತ್ತಿದ್ದ: "ಏನ ಮಾಡೂದ್ರಿ, ನಮ್ಮ ಮನಿಯಾಕಿ ಢೋಂಗ ಹಚ್ಯಾಳ. ಡಾಕ್ಟರ ಫೋಟೋ ತೆಗದು ಹೇಳ್ಯಾರ." ಜನ ನಗುತ್ತಿದ್ದರು. ಒಳಗೆ ಪುಂಡಿಪಲ್ಲೆ ಸೋಸುತ್ತ ಕೂತ ಗುರುಬಾಯಿಗೆ ಒಂದೊಂದು ನಗೆಯೂ ಬೇರೆಬೇರೆಯಾಗಿ ಕೇಳಿಸುತ್ತಿತ್ತು.

ಅವಳು ಸುಮ್ಮನೆ ಕೂತಿರಲಿಲ್ಲ. ಎಡಗೈಯಿಂದ ಕಸ ಹೊಡೆದಳು, ನೀರು ಸೇದಿದಳು, ಬೇಳೆ ಕುದಿಸಿದಳು, ಗಂಗಾಳ ತೊಳೆದಳು. ಎಡಗೈಯಿಂದ ರೊಟ್ಟಿ ಬಡಿಯಲು ಹೋದರೆ ಅಂಚು ಹರಿಯುತ್ತಿತ್ತು. ಮೂರನೆಯ ವಾರ ಒಂದು ಮಧ್ಯಾಹ್ನ, ಪಡಸಾಲೆ ತುಂಬಿದಾಗ, ಮೂರು ರೊಟ್ಟಿ ಹಾಗೆ ಹರಿದವು. ಆ ದಿನಗಳಲ್ಲಿ ಜೋಳ ರೇಶನ್ ಕಾರ್ಡಿನ ಮೇಲೆ ಸಿಗುತ್ತಿತ್ತು, ಒಂದು ಮುಷ್ಟಿ ಹಿಟ್ಟು ಕೆಟ್ಟರೂ ಸಂಕಟ. ಕಾಶಿಬಾಯಿ ಎದ್ದು ಬಂದು ಸೊಸೆಯ ಬಲಗೈಯನ್ನು ಮಣಿಕಟ್ಟಿಗೆ ಹಿಡಿದು ರೊಟ್ಟಿ ಹಲಗೆಯ ಮೇಲೆ ಎಳೆದಳು. ಗುರುಬಾಯಿಯ ಬಾಯಿಂದ ಬಂದ ಕೂಗಿಗೆ ಹೊರಗೆ ಉಣ್ಣುವವರೆಲ್ಲ ಒಂದು ಗಳಿಗೆ ತಲೆ ಎತ್ತಿದರು.

"ಕೇಳಿಸ್ಲಿ ಅಂತನ ಒದರತಾಳ," ಎಂದಳು ಕಾಶಿಬಾಯಿ.

ಸಂಜೆ ಗೊಲ್ಲಾಳಪ್ಪ ಹೆಂಡತಿಗೆ, ಕೈ ಜಗ್ಗಬಾರದಿತ್ತು ಎಂದ. ಕಾಶಿಬಾಯಿ ಅವನ ಮೇಲೆಯೇ ತಿರುಗಿ ಬಿದ್ದಳು. ತಾನು ಮಗನನ್ನು ಹಡೆದ ನಾಲ್ಕನೆಯ ದಿನ ಇದೇ ಒಲೆ ಮುಂದೆ ಕೂತು ಎರಡು ಬುಟ್ಟಿ ರೊಟ್ಟಿ ಬಡಿದದ್ದನ್ನು, ಜ್ವರದಲ್ಲಿ ಬಡಿದದ್ದನ್ನು, ತವರಿನಲ್ಲಿ ತಾಯಿ ಸತ್ತ ಸುದ್ದಿ ಬಂದ ದಿನ ಊಟದ ಹೊತ್ತು ಮುಗಿಯುವವರೆಗೂ ಏಳಲು ಬಿಡದೆ ರೊಟ್ಟಿ ಬಡಿಯಲು ಹಚ್ಚಿದ್ದನ್ನು ಹೇಳಿದಳು. "ನಂದ ಯಾರ ಫೋಟೋ ತೆಗಸಿದ್ರು?" ಎಂದು ಕೇಳಿದಳು. 

ನಾಗರಪಂಚಮಿ ಬಂತು. ಆರು ವರ್ಷದ ಮಗಳು ನೀಲವ್ವನಿಗೆ ಜಡೆ ಹಾಕಬೇಕು. ಗುರುಬಾಯಿ ಎಡಗೈ ಮತ್ತು ಹಲ್ಲಿನಿಂದ ಕೂದಲು ಹಿಡಿದು ಹೆಣೆಯುತ್ತಿದ್ದಳು. ಜಡೆ ಸೊಟ್ಟಗಾಗುತ್ತಿತ್ತು. ಹುಡುಗಿ ತಲೆ ಹಿಂದಕ್ಕೆ ಹೊರಳಿಸಿ ಸಹಜವಾಗಿ ಹೇಳಿದಳು: "ಅವ್ವಾ, ನೀ ಢೋಂಗ ಬಿಟ್ಟ ಎರಡೂ ಕೈಲೆ ಹಾಕ."

ಗುರುಬಾಯಿ ಬಾಯಲ್ಲಿದ್ದ ಎಳೆ ಬಿಟ್ಟಳು. ಆಡಿದವರು ಯಾರು, ಕಲಿಸಿದವರು ಯಾರು ಎಂದು ಕೇಳಬೇಕಾಗಿರಲಿಲ್ಲ. ಅಷ್ಟು ದಿನ ಅವಳಿಗೆ ಅಳು ಬರುತ್ತಿತ್ತು. ಅವತ್ತು ಬರಲಿಲ್ಲ. ಜಡೆ ಮುಗಿಸಿದಳು, ಕಿಟಕಿಯಿಂದ ಫಿಲ್ಮನ್ನು ಕಿತ್ತು ಲಕೋಟೆಯಲ್ಲಿ ಹಾಕಿದಳು, ಮಗಳ ಕೈ ಹಿಡಿದು ಪಡಸಾಲೆಯ ನಡುವಿನಿಂದಲೇ ಹೊರಟಳು. ಎಲ್ಲಿಗೆ ಎಂದು ಶಿವಯೋಗೆಪ್ಪ ಕೇಳಿದ.

"ಪಂಚಮಿಗೆ ತವರಿಗೆ," ಎಂದಳು.

ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗುವುದನ್ನು ಯಾರೂ ತಡೆಯುವಂತಿರಲಿಲ್ಲ. ಹೋಗಲಿ ಬಿಡು, ಅಲ್ಲಿ ಕೈ ನೆಟ್ಟಗಾಗುತ್ತದೆ ನೋಡು ಎಂದು ಕಾಶಿಬಾಯಿ ಒಳಗಿನಿಂದ ಅಂದದ್ದು ಬೀದಿಗೂ ಕೇಳಿಸಿತು.

ತವರು ಬಬಲೇಶ್ವರ. ತಾಯಿ ಮುರಿಗೆವ್ವ ವಿಧವೆ, ಸಂತೆಯಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ ಮಾರಿ ಬಾಳುವೆ ಮಾಡುತ್ತಿದ್ದಳು. ಮಗಳು ಸರ್ವಿಸ್ ಮೋಟಾರಿನಿಂದ ಇಳಿಯುವಾಗಲೇ ಅವಳಿಗೆ ಕೈ ಕಂಡಿತು. ಮನೆಯಲ್ಲಿ ಕುಪ್ಪಸ ಬಿಚ್ಚಿಸಿ ಎರಡೂ ಭುಜಗಳನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಎಡಭುಜ ಮುಂದೆ ದುಂಡಗಿತ್ತು. ಬಲಭುಜ ಮುಂದೆ ಚಪ್ಪಟೆ, ಹಿಂದೆ ಒಂದು ಗಂಟಿನಂತೆ ಉಬ್ಬಿತ್ತು.

"ಈ ಗಂಟ ನಿಮ್ಮ ಮನ್ಯಾಗ ಯಾರೂ ನೋಡಲಿಲ್ಲೇನ?" ಎಂದು ಕೇಳಿದಳು.

"ಯಾರೂ ಕುಪ್ಪಸ ತಗಸಲಿಲ್ಲ ಬೇ. ಫೋಟೋ ನೋಡಿದ್ರು."

ಹಬ್ಬದ ನಂತರ ಒಂದು ವಾರ ಮೋಡ ಹರಿದು ಮಳೆ ಸುರಿಯಿತು, ದಾರಿ ಕೆಸರಾಗಿ ಬಂಡಿ ಹೊರಡಲಿಲ್ಲ. ಅದು ಇಳಿದ ಮೇಲೆ ಮುರಿಗೆವ್ವ ಮಗಳನ್ನು ಟಿಕೋಟಾಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಲಾಡಲೇಸಾಬ ಎಂಬ ಮುದುಕ ಮೂರು ತಲೆಮಾರಿನಿಂದ ಎಲುಬು ಕೂಡಿಸುವ ಮನೆತನದವನು. ಬಿದ್ದ ಎತ್ತು, ಬಿದ್ದ ಮನುಷ್ಯ ಎರಡೂ ಅವನ ಅಂಗಳಕ್ಕೆ ಬರುತ್ತಿದ್ದವು. ಅವನು ಗುರುಬಾಯಿಯನ್ನು ಮಣೆಯ ಮೇಲೆ ಕೂರಿಸಿ, ಮುರಿಗೆವ್ವನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಸೆರಗಿನ ಮೇಲಿಂದಲೇ ಭುಜವನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿ ಕೂತ. ಹೇಗೆ ಬಿದ್ದೆ, ಕೈ ಯಾವ ಕಡೆಗಿತ್ತು, ಅಂದಿನಿಂದ ಏನೇನು ಮಾಡಲು ಬರುವುದಿಲ್ಲ ಎಂದು ಒಂದೊಂದನ್ನೂ ಅವಳನ್ನೇ ಕೇಳಿದ. ಅವಳು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದ. ಬಿದ್ದ ಮೇಲೆ ಯಾರಾದರೂ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು.

"ತಂಗಿ, ನಿನ್ನ ಕೀಲು ಹಿಂದಕ ಹೋಗೇತಿ," ಎಂದ ಕಡೆಗೆ. "ಮುಂದಕ ಬಂದದ್ದು ನಾ ದಿನಾ ಕೂಡಸ್ತೇನಿ. ಹಿಂದಕ ಹೋಗಿದ್ದು ನನ್ನ ಜೀವಮಾನದಾಗ ಎರಡ ನೋಡೇನಿ. ಮೊದಲನೇ ವಾರ ಬಂದಿದ್ರ ಕೈ ಹಚ್ಚತಿದ್ದೆ. ಈಗ ನಾ ಎಳದರ ಎಲುಬ ಮುರದೀತು. ನನ್ನಿಂದ ಆಗಂಗಿಲ್ಲ."

ಮುರಿಗೆವ್ವ ಲಕೋಟೆ ತೆಗೆದು, ಫೋಟೋದಲ್ಲಿ ಏನೂ ಇಲ್ಲವಂತಲ್ಲ ಎಂದಳು. ಲಾಡಲೇಸಾಬ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ತನಗೆ ಅದು ತಿಳಿಯುವುದಿಲ್ಲ, ತನ್ನ ತಂಗಿಯ ಮಗ ಕುತುಬುದ್ದೀನನಿಗೆ ತಿಳಿಯುತ್ತದೆ ಎಂದ. ಕುತುಬುದ್ದೀನ ಯುದ್ಧದಲ್ಲಿ ನಾಲ್ಕು ವರ್ಷ ಪಲ್ಟನ್ ದವಾಖಾನೆಯಲ್ಲಿ ಇದೇ ಫೋಟೋ ತೆಗೆಯುವ ಕೆಲಸ ಮಾಡಿ ಬಂದವನು, ಈಗ ವಿಜಾಪುರದ ಸರಕಾರಿ ದವಾಖಾನೆಯಲ್ಲಿದ್ದಾನೆ. ಮುದುಕ ಅವರಿಂದ ಏನೂ ತೆಗೆದುಕೊಳ್ಳದೆ, ಗುರುಬಾಯಿಯ ಕೈಯನ್ನು ಎದೆಗೆ ಕಟ್ಟಿ ಕಳಿಸಿದ.

ವಿಜಾಪುರದ ದವಾಖಾನೆಯಲ್ಲಿ ದೊಡ್ಡ ಡಾಕ್ಟರು ಮೊದಲು ಒಪ್ಪಲಿಲ್ಲ. ಫಿಲ್ಮು ಸಿಗುವುದೇ ಕಷ್ಟ, ಒಂದು ಸಲ ತೆಗೆದದ್ದನ್ನು ಮತ್ತೆ ಯಾಕೆ ತೆಗೆಯಬೇಕು ಎಂದರು. ಕುತುಬುದ್ದೀನ ಹಳೆಯ ಫಿಲ್ಮನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಡಾಕ್ಟರಿಗೆ ಬೆರಳಿಟ್ಟು ತೋರಿಸಿದ: ತೋಳೆಲುಬಿನ ತಲೆ ವಿದ್ಯುತ್ ದೀಪದ ಬುರುಡೆಯಂತೆ ದುಂಡಗೆ ಕಾಣುತ್ತಿದೆ, ಸರಿಯಿದ್ದ ಭುಜ ಹೀಗೆ ಕಾಣುವುದಿಲ್ಲ, ಇಂಥದ್ದನ್ನು ಪಲ್ಟನ್ನಿನಲ್ಲಿ ಕಂಡಿದ್ದೇನೆ, ಕಂಕುಳ ಕೆಳಗಿನಿಂದ ಇನ್ನೊಂದು ತೆಗೆದರೆ ತಿಳಿಯುತ್ತದೆ. ಡಾಕ್ಟರು ತಾವೂ ನೋಡಿದರು. ತೆಗಿ ಎಂದರು.

ಅದಕ್ಕೆ ಕೈಯನ್ನು ಪಕ್ಕಕ್ಕೆ ಸ್ವಲ್ಪ ಎತ್ತಬೇಕಿತ್ತು. ಗುರುಬಾಯಿಯನ್ನು ಮಲಗಿಸಿ, ಭುಜದ ಮೇಲ್ಗಡೆ ಪ್ಲೇಟು ನಿಲ್ಲಿಸಿ, ಕುತುಬುದ್ದೀನ ಕೈಯನ್ನು ಬೆರಳಷ್ಟು, ಮತ್ತೆ ಬೆರಳಷ್ಟು ಹೊರಗೆ ತಂದ. ಅವಳ ಹಣೆಯ ಮೇಲೆ ಬೆವರು ಇಳಿಯಿತು. ಸಾಕೆಂದರೆ ನಿಲ್ಲಿಸುತ್ತೇನೆ ಎಂದು ಅವನು ಹೇಳಿದ. ಅವಳು ಸಾಕೆನ್ನಲಿಲ್ಲ.

ಆ ಫಿಲ್ಮಿನಲ್ಲಿ ಎಲುಬು ಕೀಲಿನ ಬಟ್ಟಲಿನಿಂದ ಹೊರಬಿದ್ದು ಹಿಂದೆ ಸಿಕ್ಕಿಕೊಂಡು ಕೂತದ್ದು ಮುರಿಗೆವ್ವನ ಕಣ್ಣಿಗೂ ಕಾಣುತ್ತಿತ್ತು. ಎದುರಿನಿಂದ ನೋಡಿದರೆ ಒಂದರ ಹಿಂದೆ ಒಂದು ಮರೆಯಾಗಿ ಎರಡೂ ಕೂಡಿದಂತೆ ತೋರುತ್ತವೆ, ಪಕ್ಕದಿಂದ ನೋಡಿದರೆ ನಡುವೆ ಎಷ್ಟು ಅಂತರ ಇದೆ ನೋಡಿರಿ ಎಂದು ಕುತುಬುದ್ದೀನ ತಿಳಿಸಿ ಹೇಳಿದ.

ಗುರುಬಾಯಿ ಫಿಲ್ಮಿನ ಮೇಲೆ ಬೆರಳಿಟ್ಟಳು. "ನಾ ಇದನ್ನ ಮೊದಲನೇ ದಿನ ಹೇಳಿದ್ನಲ್ರಿ," ಎಂದಳು.

ಕ್ಲೋರೋಫಾರಂ ಕೊಟ್ಟು ಕೀಲು ಕೂಡಿಸಬೇಕು, ಅದಕ್ಕೆ ಗಂಡನ ಸಹಿ ಬೇಕು ಎಂದರು. ಕೈ ಅವಳದು, ನೋವು ಅವಳದು, ಸಹಿ ಮಾತ್ರ ಅವಳದು ನಡೆಯುವುದಿಲ್ಲ. ಮುರಿಗೆವ್ವ ನಡೆದು ಖಾನಾವಳಿಗೆ ಹೋದಾಗ ಊಟದ ಹೊತ್ತು, ಪಡಸಾಲೆ ಕಿಕ್ಕಿರಿದಿತ್ತು. ಶಿವಯೋಗೆಪ್ಪ ಬುಟ್ಟಿ ಕೆಳಗಿಡದೆ, ಗಿರಾಕಿ ಹೋದ ಮೇಲೆ ಬರುತ್ತೇನೆ ಎಂದ. ಕಾಶಿಬಾಯಿ ಒಲೆ ಮುಂದಿನಿಂದ, ಬೀಗತಿ ಮಗಳಿಗೆ ಇನ್ನೊಂದು ಆಟ ಕಲಿಸಿದ್ದಾಳೆ ಎಂದಳು. ಮುರಿಗೆವ್ವ ಜಗಳಕ್ಕೆ ನಿಲ್ಲಲಿಲ್ಲ. ಗೊಲ್ಲಾಳಪ್ಪನ ಮುಂದೆ ಗಲ್ಲೆಯ ಮೇಲೆ ಎರಡನೆಯ ಫಿಲ್ಮು ಇಟ್ಟಳು.

"ನೀವ ನೋಡ್ರಿ ಬೀಗರ. ಕುರುಡರಿಗೂ ಕಾಣತೈತಿ."

ಗೊಲ್ಲಾಳಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದ. ಇಪ್ಪತ್ತು ವರ್ಷದಲ್ಲಿ ಊಟದ ಹೊತ್ತಿನಲ್ಲಿ ಗಲ್ಲೆ ಬಿಟ್ಟು ಏಳದಿದ್ದ ಮನುಷ್ಯ ಎದ್ದು, ಟೊಪ್ಪಿಗೆ ಹಾಕಿಕೊಂಡು, ಮಗನಿಗೂ ಹೆಂಡತಿಗೂ ಏನೂ ಹೇಳದೆ ಹೊರಟ. ದವಾಖಾನೆಯಲ್ಲಿ ಗಂಡನ ಹೆಸರಿದ್ದ ಜಾಗದಲ್ಲಿ ಮಾವನ ಸಹಿ ಬಿತ್ತು.

ಅವಳು ಬಿದ್ದು ಅಂದಿಗೆ ನಲವತ್ತೆರಡು ದಿನ. ಕೀಲು ಕೂಡಿತು, ಆದರೆ ಸುಲಭವಾಗಿ ಅಲ್ಲ. ಡಾಕ್ಟರು ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೊದಲ ವಾರವೇ ತಿಳಿದಿದ್ದರೆ ಕೈ ಮೊದಲಿನಂತೆ ಆಗುತ್ತಿತ್ತು. ಈಗ ಭುಜದ ಮಟ್ಟಕ್ಕೆ ಏಳುತ್ತದೆ, ಅದಕ್ಕಿಂತ ಮೇಲೆ ಏಳುವುದಿಲ್ಲ. ರೊಟ್ಟಿ ಬಡಿಯುವ ಕೆಲಸ ಇನ್ನು ಈ ಕೈಯಿಂದ ಆಗದು.

ಮುರಿಗೆವ್ವ ಎರಡೂ ಫಿಲ್ಮು ಹಿಡಿದು ಮೊದಲಿನ ಡಾಕ್ಟರ ಹತ್ತಿರವೂ ಹೋದಳು. ಅವರು ನೋಡಿ ಮರಳಿ ಕೊಟ್ಟರು. ತಾವು ತೆಗೆದಾಗ ಸರಿಯೇ ಇತ್ತು, ಆಮೇಲೆ ಜಾರಿರಬೇಕು ಎಂದರು. ಹೊರಗೆ ಯಂತ್ರದ ಸರದಿಗಾಗಿ ಆರು ಮಂದಿ ಕೂತಿದ್ದರು. ಮುರಿಗೆವ್ವ ಅವರೊಬ್ಬೊಬ್ಬರ ಮುಂದೆ ನಿಂತು, ಒಂದೇ ಕಡೆಯಿಂದ ತೆಗೆದರೆ ಒಪ್ಪಬೇಡಿರಿ, ಮೈ ಮುಟ್ಟಿ ನೋಡಲು ಡಾಕ್ಟರಿಗೆ ಹೇಳಿರಿ ಎಂದು ತಿಳಿಸಿದಳು. ಕಂಪೌಂಡರ್ ಅವಳನ್ನು ಗದರಿಸಿ ಹೊರಗೆ ಹಾಕಿದ.

ಗುರುಬಾಯಿ ಬಬಲೇಶ್ವರದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಉಳಿದಳು. ಪಟ್ಟಿ ಬಿಚ್ಚಿದ ಮೇಲೆ ಒಂದು ಮಂಗಳವಾರ ಶಿವಯೋಗೆಪ್ಪ ತಂದೆಯ ಜೊತೆ ಬಂದ. ಮುರಿಗೆವ್ವ ಕಾಲಿಗೆ ನೀರು ಕೊಟ್ಟಳು, ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ಉಂಡ ಮೇಲೆ ಶಿವಯೋಗೆಪ್ಪ ಹೆಂಡತಿಗೆ ಹೇಳಿದ:

"ಆದದ್ದ ಆತು. ಈಗ ಫೋಟೋದಾಗ ಕಂಡೈತಿ, ಇನ್ನ ಯಾರೂ ಏನೂ ಅನ್ನಂಗಿಲ್ಲ. ನಡಿ ಮನಿಗಿ."

"ಫೋಟೋ ಬರೂ ಮೊದಲ ನನಗ ಭುಜ ಇರಲಿಲ್ಲೇನ್ರಿ?" ಎಂದಳು ಗುರುಬಾಯಿ. "ಮೊದಲ ಒಂದ ಕರಿ ಹಾಳಿ ನಂಬಿದ್ರಿ. ಈಗ ಇನ್ನೊಂದ ಕರಿ ಹಾಳಿ ನಂಬಾಕತ್ತೀರಿ. ನನ್ನ ಎಂದ ನಂಬಿದ್ರಿ?"

ಶಿವಯೋಗೆಪ್ಪ ಡಾಕ್ಟರೇ ಹಾಗೆ ಹೇಳಿದ ಮೇಲೆ ತಾನೇನು ಮಾಡಬೇಕಿತ್ತು ಎಂದ. ಹನ್ನೊಂದು ವರ್ಷ ಬಾಳುವೆ ಮಾಡಿದ ನಿಮಗೆ ನನ್ನ ಕೈ ಒಂದು ಸಲ ಮುಟ್ಟಿ ನೋಡಬೇಕು ಅನ್ನಿಸಲಿಲ್ಲ, ಅದನ್ನು ಕೇಳುತ್ತಿದ್ದೇನೆ ಎಂದಳು ಅವಳು.  ಅವನು ತಂದೆಯ ಕಡೆ ನೋಡಿದ. ಗೊಲ್ಲಾಳಪ್ಪ ಮಗನ ಸಹಾಯಕ್ಕೆ ಬರಲಿಲ್ಲ.

ಬರುತ್ತೇನೆ ಎಂದಳು ಗುರುಬಾಯಿ. ಅದಕ್ಕೆ ಎರಡು ಮಾತು ಹಾಕಿದಳು. ರೊಟ್ಟಿಗೆ ಬೇರೆ ಯಾರನ್ನಾದರೂ ಗೊತ್ತು ಮಾಡಬೇಕು, ಅತ್ತೆಯನ್ನೂ ಇನ್ನು ಅಷ್ಟು ರೊಟ್ಟಿ ಬಡಿಯಲು ಹಚ್ಚಬಾರದು. ಇನ್ನೊಂದನ್ನು ಅವಳು ಗಂಡನ ಮುಖ ನೋಡಿಯೇ ಹೇಳಿದಳು: "ಢೋಂಗ ಅಂತ ಉಣ್ಣೋ ಮಂದಿ ಮುಂದ ಹೇಳಿದ್ರಿ. ಅದ ಮಂದಿ ಮುಂದ, ಅದ ಊಟದ ಹೊತ್ತಿನಾಗ, ನಾವ ಸುಳ್ಳ ಹೇಳಿದ್ವಿ ಅಂತ ಹೇಳಬೇಕು."

ಶಿವಯೋಗೆಪ್ಪ ಎದ್ದು ಅಂಗಳಕ್ಕೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಗೊಲ್ಲಾಳಪ್ಪನೂ ಹೋದ. ಅಲ್ಲಿ ತಂದೆ ಮಗನಿಗೆ ಏನು ಹೇಳಿದನೋ, ಒಳಗೆ ಬಂದಾಗ ಶಿವಯೋಗೆಪ್ಪ ಆಗಲಿ ಎಂದ.

ಮರುದಿನ ಮಧ್ಯಾಹ್ನ ಖಾನಾವಳಿಯ ಎರಡೂ ಸಾಲು ತುಂಬಿದ್ದವು. ಕಾಶಿಬಾಯಿ ಸೊಸೆಗೆ ಬಾ ಎಂದೂ ಅಂದಿರಲಿಲ್ಲ, ಹೋಗು ಎಂದೂ ಅಂದಿರಲಿಲ್ಲ. ಒಲೆ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಶಿವಯೋಗೆಪ್ಪ ಬುಟ್ಟಿ ಹಿಡಿದು ನಡುವೆ ನಿಂತು, ನೆಲ ನೋಡುತ್ತ ಹೇಳಿದ.

"ನಮ್ಮ ಮನಿಯಾಕಿದು ಖರೇನ ಕೀಲ ತಪ್ಪಿತ್ತರಿ. ನಾವ ಢೋಂಗ ಅಂದಿದ್ದು ತಪ್ಪಾತು."

ಒಂದಿಬ್ಬರು ತಲೆ ಎತ್ತಿದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಕಕ್ಷಿದಾರ ಬೇಳೆಯಲ್ಲಿ ಬೆರಳಾಡಿಸುತ್ತ, "ಆತ ಬಿಡ್ರಿ, ಮನ್ಯಾಗ ಇರೂದ. ಇತ್ತಾಗ ಒಂದ ರೊಟ್ಟಿ ಹಾಕ್ರಿ," ಎಂದ. ಶಿವಯೋಗೆಪ್ಪ ಜೀವ ಬಂದವನಂತೆ ಆ ಕಡೆ ತಿರುಗಿದ.

ಗುರುಬಾಯಿ ಅಡುಗೆಮನೆಯ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ಆ ಮನೆಯ ಸೊಸೆ ಊಟದ ಸಾಲಿನ ಮುಂದೆ ನಿಂತು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ರೊಟ್ಟಿ ಆಮ್ಯಾಲ. ನಗೂ ಹೊತ್ತಿನಾಗ ಎಲ್ಲಾರೂ ಪೂರಾ ನಕ್ಕಿದ್ರಿ, ಈಗ ಪೂರಾ ಕೇಳ್ರಿ," ಎಂದಳು. ಆಮೇಲೆ ಮೊದಲನೆಯ ದಿನದಿಂದ ಹಿಡಿದು ಒಂದೊಂದು ದಿನದ್ದೂ ಹೇಳತೊಡಗಿದಳು. ಯಾವ ದಿನ ಎಡಗೈಯಿಂದ ಎಷ್ಟು ಕೊಡ ಸೇದಿದ್ದು, ಯಾವ ದಿನ ಡಾಕ್ಟರು ಮುಖ ಎತ್ತದೆ ಮಾತಾಡಿದ್ದು, ಯಾವ ದಿನ ಯಾವ ಸಾಲಿನಿಂದ ಎಂಥ ನಗೆ ಕೇಳಿಸಿದ್ದು. ದನಿ ಜೋರಿರಲಿಲ್ಲ. ತುತ್ತು ಕೈಯಲ್ಲಿದ್ದವರ ತುತ್ತು ಕೈಯಲ್ಲೇ ಉಳಿಯಿತು. ಕಕ್ಷಿದಾರ ಎದ್ದು ಹೋಗಲು ನೋಡಿದ. ಗಲ್ಲೆಯ ಮೇಲಿನಿಂದ ಗೊಲ್ಲಾಳಪ್ಪ ಅವನಿಗೆ ಕೂಡ್ರಿ ಎಂದ.

ರೊಟ್ಟಿ ಹಲಗೆಯ ಮೇಲೆ ಕೈ ಎಳೆದ ದಿನಕ್ಕೆ ಬಂದಾಗ ಒಳಗೆ ಬಡಿಯುವ ಸದ್ದು ನಿಂತಿತು. ಕಾಶಿಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಗುರುಬಾಯಿ ಅವಳ ಕಡೆ ತಿರುಗಲಿಲ್ಲ, ದನಿ ಇಳಿಸಲೂ ಇಲ್ಲ. ಆ ದಿನದ್ದು ಮುಗಿಸಿ ಮರುದಿನದ್ದು ಹೇಳತೊಡಗಿದಳು.